ಎಲ್ಲ ಬಂತು, ಎಲ್ಲ ಹೋಯ್ತು

ಮನೆಯಿಂದ,
ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಅತ್ತಿಗೆ ತಂದುಕೊಟ್ಟ ಬೆಲ್ಟು ಕಟ್ಟಿಕೊಳ್ಳದೆ ಶೂರನ ಹಾಗೆ ಓಡಾಡುತ್ತಿರುತ್ತೀಯ, ನನಗೆ ಗೊತ್ತು. ನಾವೆಲ್ಲ ಕ್ಷೇಮ ಎಂದು ಬರೆಯಲು ಕೂತೆ. ಸೋಮವಾರ ಸ್ವಲ್ಪ ಹೆಚ್ಚುಕಮ್ಮಿಯಾಗಿದ್ದರೂ ಹಾಗೆ ಬರೆಯಲು ಇವತ್ತು ನಾನಿರುತ್ತಿರಲಿಲ್ಲ.

ಅಪ್ಪ ಕಾರು ಹೊರಡಿಸುವ ಕ್ರಮ ನಿನಗೆ ನೆನಪಿದೆಯಲ್ಲ. ಕೀ ತಿರುಗಿಸಿದ ಕೂಡಲೇ ಮೇಷ್ಟ್ರ ಹಾಗೆ ಮೀಟರಿನ ದೀಪಗಳ ಹಾಜರಿ ಕೂಗುವುದು: “ಆಯಿಲ್ಲು, ಬ್ಯಾಟ್ರಿ, ಬ್ರೇಕು, ಬಾಗ್ಲು. ಎಲ್ಲ ಬಂತು.” ಇಂಜಿನ್ ಶುರುವಾದ ಮೇಲೆ, “ಎಲ್ಲ ಹೋಯ್ತು, ನಡಿ.” ಬಸ್ಸು ಓಡಿಸುತ್ತಿದ್ದ ಕಾಲದ ಅಭ್ಯಾಸ. ಈಗ ನನ್ನ ಪುಟ್ಟಿಯೂ ಹಿಂದಿನ ಸೀಟಿನಿಂದ ರಾಗವಾಗಿ ಕೂಗುತ್ತಾಳೆ. ದಿನವೂ ಅವಳನ್ನು ಶಾಲೆಗೆ ಬಿಡುವವರು ತಾತನೇ ತಾನೇ. ಸೋಮವಾರ ನಾನೂ ಜೊತೆಗಿದ್ದೆ. ಹಾಜರಿ ಮುಗಿಯಿತು, ಹೊರಟೆವು. ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ನನ್ನ ಕಣ್ಣು ಮೀಟರಿನತ್ತ ಹೋದರೆ ಬ್ರೇಕಿನ ಕೆಂಪು ದೀಪ ಉರಿಯುತ್ತಿದೆ. ಹ್ಯಾಂಡ್‌ಬ್ರೇಕು ಪೂರ್ತಿ ಇಳಿದಿಲ್ಲವೇನೋ ಎಂದೆ. ಅಪ್ಪ ಬ್ರೇಕು ತುಳಿದರು. ಅವರು ತುಳಿದಷ್ಟೂ ಪೆಡಲು ನೆಲಕ್ಕೇ ಹೋಗುತ್ತಿತ್ತು, ಕಾರು ಓಡುತ್ತಲೇ ಇತ್ತು. ಕೆಳಗೆ ಸಿಗ್ನಲ್ಲು, ಜನ ರಸ್ತೆ ದಾಟುತ್ತಿದ್ದರು. ಅಪ್ಪ ಒಂದೊಂದೇ ಗೇರು ಇಳಿಸಿ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆಯುತ್ತ, ಮನೆ ಕಟ್ಟುವವರು ಸುರಿದಿದ್ದ ಮರಳಿಗೆ ಕಾರಿನ ಮೂತಿ ಸಿಕ್ಕಿಸಿ ನಿಲ್ಲಿಸಿದರು. ಪುಟ್ಟಿ ಚಪ್ಪಾಳೆ ತಟ್ಟಿದಳು. ನಾನು ಇಳಿದವಳು ಮರಳಿನ ಮೇಲೇ ಕೂತೆ. ಅಪ್ಪನ ಬಗ್ಗೆ ಅವತ್ತು ತುಂಬ ಹೆಮ್ಮೆಯಾಯಿತು.

ಬ್ರೇಕಿನ ಎಣ್ಣೆ ಸೋರಿ ಖಾಲಿಯಾಗಿತ್ತಂತೆ. ಮೆಕ್ಯಾನಿಕ್ ನನಗೆ, “ಹಳದಿ ಬಂದ್ರೆ ಬೇಗ ತೋರ್ಸಿ, ಕೆಂಪು ಬಂದ್ರೆ ಅಲ್ಲೇ ನಿಲ್ಸಿ ಅಕ್ಕಾ. ಇದು ಎಷ್ಟೋ ದಿನದಿಂದ ಉರೀತಿರ್ಬೇಕು, ಯಾರೂ ನೋಡ್ಲಿಲ್ವಾ?” ಎಂದ. ಅಪ್ಪ, “ವೈರ್ ಲೂಸಿರ್ಬೇಕು ಬಿಡು” ಎಂದು ಆಚೆ ನಡೆದರು. ನಿನ್ನೆ ಗಾಡಿ ರಿಪೇರಿಯಾಗಿ ಬಂತು, ಚಿಂತೆ ಬೇಡ. ಅತ್ತಿಗೆಗೆ ನನ್ನ ನೆನಪು ಹೇಳು, ಮಕ್ಕಳ ಕೆನ್ನೆ ಹಿಂಡು.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಚಿಂತೆ ಬೇಡ ಎಂದದ್ದು ಸುಳ್ಳು. ಅದನ್ನು ಅಪ್ಪನ ಎದುರು ಕೂತು ಬರೆದೆ, ಇದನ್ನು ಅಡುಗೆಮನೆಯಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಬೇಕೆಂದೇ ಹಿಂದಿನ ಬಾಗಿಲನ್ನು ಸರಿಯಾಗಿ ಹಾಕದೆ ಬಿಟ್ಟೆ. ಬಾಗಿಲಿನ ದೀಪ ಅವರ ಮೂಗಿನ ಮುಂದೆಯೇ ಕೆಂಪಗೆ ಉರಿಯುತ್ತಿತ್ತು. “ಎಲ್ಲ ಹೋಯ್ತು, ನಡಿ” ಎಂದರು. ಅಣ್ಣಾ, ಅವರು ಬಾಯಿಪಾಠ ಒಪ್ಪಿಸುತ್ತಿದ್ದಾರೆ. ಇನ್ನು ರಸ್ತೆ ಎಷ್ಟು ಕಾಣುತ್ತಿದೆಯೋ. ಪುಟ್ಟಿಗೆ ಹೊಟ್ಟೆನೋವೆಂದು ನೆಪ ಹೇಳಿ ಅವಳನ್ನು ಇಳಿಸಿಕೊಂಡೆ. ನಾಳೆಗೆ ಯಾವ ನೆಪ ಹೇಳಲಿ? ಕಣ್ಣಿನ ಮಾತೆತ್ತಿದರೆ ನನ್ನ ಮೇಲೆ ಹರಿಹಾಯುತ್ತಾರೆ, ನೀನು ಹೇಳಿದರೆ ಮಾತ್ರ ಕೇಳಿಯಾರು. ಫೋನು ಬೇಡ, ನೀನೇ ಬಾ. ಕಾರಿನ ಕೀ ಬಚ್ಚಿಡೋಣವೆಂದು ತಂದು ಈ ಕಾಗದದ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಅಪ್ಪ ಅದನ್ನೇ ಹುಡುಕಿಕೊಂಡು ಬಂದರು. ಮೇಜಿನ ಮೇಲೆಲ್ಲ ನೋಡಿದರು. “ಇಲ್ಲೂ ಇಲ್ವಲ್ಲೇ” ಎಂದು ಹೋದರು.