ಕೈ ಎತ್ತಿದ ಗಳಿಗೆ

ಮಾರ್ಚ್ ಹನ್ನೊಂದು, ಮಂಗಳವಾರ. ಕೈತುಂಬ ಬಣ್ಣ, ಅದಕ್ಕೇ ಬರೆಯೋದು ಬಿಟ್ಟು ಫೋನಿಗೆ ಹೇಳ್ತಿದೀನಿ. ಸಂಗೀತ ಸಭಾಂಗಣದ ಗೋಡೆಗೆ ಅಂತ ನಾನು ಬರೀತಿರೋ ವಾದ್ಯವೃಂದದ ನಿರ್ದೇಶಕರ ಚಿತ್ರ ನೋಡೋಕೆ ನಾಳೆ ಸಭಾಂಗಣದವರು ಬರ್ತಾರೆ. ನಾನು ನೋಡಿದ್ರೆ ಇವತ್ತು ಮಧ್ಯಾಹ್ನ ಅದರಲ್ಲಿ ಅರ್ಧ ಕೆರೆದು ಹಾಕಿದೆ.

ಎಲ್ಲ ಅಕ್ಕನಿಂದ. ಅದೇ ವಾದ್ಯವೃಂದದಲ್ಲಿ ಕೊಳಲು ಊದೋಳು, ವರ್ಷಗಟ್ಟಲೆ ಆ ನಿರ್ದೇಶಕರ ಕೈಯನ್ನೇ ನೋಡ್ಕೊಂಡು ನುಡಿಸ್ತಾ ಬಂದೋಳು. ನಾನು ಹಾರೋ ಕೂದಲು, ತಾಳ ತೋರಿಸೋಕೆ ಬೀಸೋ ಕೋಲು, ಗಾಳಿಗೆ ಎದ್ದ ಕೋಟು ಎಲ್ಲ ಬರೆದಿದ್ದೆ. ನಿನ್ನೆ ನೋಡಿದೋಳೇ, "ಏನೋ ಇದು, ನಮ್ಮ ಸಾಹೇಬ್ರು ಬಸ್ಸಿಗೆ ಕೈ ಅಡ್ಡ ಹಾಕ್ತಿದಾರಾ?" ಅಂದಳು.

ಮೈಯೆಲ್ಲ ಉರೀತು. ಆದ್ರೂ ಬೆಳಿಗ್ಗೆ ಅವಳ ಜೊತೆ ತಾಲೀಮಿಗೆ ಹೋಗಿ ಪಕ್ಕದಲ್ಲೇ ಕೂತೆ. ಅಲ್ಲಿಂದ ಕಂಡಿದ್ದೇ ಬೇರೆ ಮನುಷ್ಯ. ಶುರುವಾಗೋ ಮುಂಚೆ ಕೈ ಎತ್ತಿ, ಒಂದು ಉಸಿರು ಎಳ್ಕೋತಾರೆ. ಭುಜ ಏರುತ್ತೆ, ಕೋಟಿನ ಗುಂಡಿ ಬಿಗಿಯಾಗುತ್ತೆ. ಅವರ ಜೊತೆಗೇ ಅಕ್ಕನೂ ಉಸಿರು ಎಳ್ಕೊಂಡು, ಆ ಕೈ ಇಳಿಯೋ ತನಕ ಹಿಡಿದಿರ್ತಾಳೆ. ಆಮೇಲಿನ ಕುಣಿತ ಪೂರ್ತಿ ಆ ಉಸಿರೊಳಗೇ ಇದೆ!

ಬಂದು ಕೂದಲು ಇಳಿಸಿದೆ, ಕೋಲು ನಿಲ್ಲಿಸಿದೆ, ಎದೆ ತುಂಬಿಸಿದೆ. ಕುಂಚ ಯಾವತ್ತೂ ಇಷ್ಟು ಸಲೀಸಾಗಿ ಓಡಿರಲಿಲ್ಲ. ಚೆನ್ನಾಗಿ ಬಂದಿದೆ, ನನಗೆ ಗೊತ್ತು. ಹಾರೋ ಕೂದಲು ಎಲ್ಲಿ ಅಂತ ನಾಳೆ ಸಭಾಂಗಣದವರು ಕೇಳಿದ್ರೆ ಕೇಳಲಿ.

ಈಗಷ್ಟೇ ಅಕ್ಕ ಊಟಕ್ಕೆ ಕರೆಯೋಕೆ ಬಂದು, ಚಿತ್ರದ ಮುಂದೆ ನಿಂತುಬಿಟ್ಟಳು. ತುಟಿ ಕೊಳಲಿಗೆ ಇಟ್ಟ ಹಾಗೆ ಬಿಗಿ, ಉಬ್ಬಿದ ಎದೆ ಇಳೀಲೇ ಇಲ್ಲ. ಆಮೇಲೆ ನನ್ನ ಬೆನ್ನಿಗೊಂದು ಗುದ್ದು. "ಕೈ ಇಳಿಸೋಕೆ ಹೇಳೋ ಅವರಿಗೆ, ನಂಗೆ ಉಸಿರು ಕಟ್ತಿದೆ!"

ಇಳಿಸಲ್ಲ ಅಕ್ಕ. ನಾಳೆ ಸಭಾಂಗಣದವರೂ ಸ್ವಲ್ಪ ಹೊತ್ತು ಹಾಗೇ ಉಸಿರು ಹಿಡ್ಕೊಂಡು ನಿಲ್ಲಲಿ.