ಒಬ್ಬಳಿಗಾದರೆ ಮನೆ ಇದೆ

ಬೈಲಹೊಂಗಲ
೧೧ ಮಾರ್ಚ್ ೨೦೨೪

ಪ್ರೀತಿಯ ಗಂಗಾ,

ನಿನ್ನ ಮೊಮ್ಮಗಳ ತೊಟ್ಟಿಲಿಗೆ ನೇಸರಗಿಗೆ ಬರಲಾಗಲಿಲ್ಲ, ಒಂದು ಫೋನೂ ಮಾಡಲಿಲ್ಲ. ಸಿಟ್ಟಾಗಬೇಡ. ಕೂಸು, ಬಾಣಂತಿ ಸೌಖ್ಯವೇ? ಫೋನಿನಲ್ಲಿ ಹೇಳುವ ಮಾತಲ್ಲ ಇದು. ನಮ್ಮವರು ಪಕ್ಕದಲ್ಲೇ ಮಲಗಿರುತ್ತಾರೆ, ಎಲ್ಲ ಕೇಳಿಸುತ್ತದೆ.

ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದ ಈ ಮನೆಯನ್ನು ಕೆಡವಿ ಅಂಗಡಿ ಸಾಲು ಕಟ್ಟಿಸುತ್ತಾರಂತೆ. ಮಾಲೀಕರ ಮಗ ಅಜಿತ ಕೆಟ್ಟವನಲ್ಲ. ಎರಡು ಸಲ ಗಡುವು ಮುಂದೂಡಿದ. ಈಗ ಯುಗಾದಿಯೊಳಗೆ ಬಿಡಲೇಬೇಕು.

ನಾನು ಹುಡುಕದ ಓಣಿಯಿಲ್ಲ. ಲಕ್ವಾ ಹೊಡೆದು ನಮ್ಮವರ ಎಡಗೈ, ಎಡಗಾಲು ಬಿದ್ದಿವೆ ಎಂದು ತಿಳಿದ ಕೂಡಲೇ ಯಾರಿಗೂ ಮನೆ ಕೊಡುವ ಮನಸ್ಸಿರುವುದಿಲ್ಲ. ಒಬ್ಬರಂತೂ ಮುಖಕ್ಕೇ ಅಂದರು: "ಅಜ್ಜಾರು ನಮ್ಮ ಮನ್ಯಾಗ ಹ್ವಾದ್ರಂದ್ರ ಮುಂದ ಯಾರ್ ಬಾಡಿಗಿ ಹಿಡೀತಾರ್ರೀ?" ಒಂದು ವೃದ್ಧಾಶ್ರಮಕ್ಕೂ ಹೋಗಿ ಬಂದೆ. ತಾವೇ ಎದ್ದು ಓಡಾಡುವವರಿಗೆ ಮಾತ್ರ ಅಲ್ಲಿ ಜಾಗವಂತೆ. ಮಕ್ಕಳಿಲ್ಲವೆಂದು ಎಂದೂ ಅಳದವಳು ಅಲ್ಲಿಯ ಗೇಟಿನ ಹೊರಗೆ ಅತ್ತೆ.

ಕಳೆದ ಗುರುವಾರ ಯರಗಟ್ಟಿಯಲ್ಲಿ ಒಂದು ಕೋಣೆ ಸಿಕ್ಕಿತು. ಮೆಟ್ಟಿಲಿಲ್ಲ, ಪಾಯಖಾನೆ ಒಳಗೇ ಇದೆ. ಮನೆಯೊಡತಿ ಶಟ್ಟೆವ್ವ ನನ್ನ ವಾರಿಗೆಯವಳು, ಒಂಟಿ ಹೆಂಗಸು. "ಒಬ್ಬಾಕಿನ ಇರೂದಾದ್ರ ಬರ್ರಿ. ಬ್ಯಾನಿ ಬಿದ್ದವರು ಬ್ಯಾಡ. ನನ್ನ ಗಂಡನ ಚಾಕರಿ ಐದು ವರ್ಷ ಮಾಡೇನಿ. ಮತ್ತ ಆ ನರಳಾಟ ಕೇಳೂ ಶಕ್ತಿ ನನಗಿಲ್ಲ," ಎಂದಳು. ಹೂಂ ಎಂದು ಬಂದೆ.

ಗಂಗಾ, ನಿನ್ನ ಕಾಲು ಹಿಡಿಯುತ್ತೇನೆ. ಇಬ್ಬರೂ ಬರುತ್ತೇವೆ ಎನ್ನಲು ನಿಮ್ಮಲ್ಲೂ ಇಕ್ಕಟ್ಟು. ಅವರೊಬ್ಬರನ್ನು ಹಿತ್ತಲ ಕೋಣೆಯಲ್ಲಿ ಒಂದು ತಿಂಗಳು ಇರಿಸಿಕೊಳ್ಳುತ್ತೀಯಾ? ನಾನು ಯರಗಟ್ಟಿಯಿಂದ ದಿನಾ ಬೆಳಗಿನ ಬಸ್ಸಿಗೆ ಬಂದು ಮೈ ತೊಳೆದು, ಉಣಿಸಿ ಹೋಗುತ್ತೇನೆ. ಅಷ್ಟರಲ್ಲಿ ಶಟ್ಟೆವ್ವನ ಮನಸ್ಸು ಕರಗದಿದ್ದರೆ ಮುಂದೇನೆಂದು ತೋಚುತ್ತಿಲ್ಲ. ಇಲ್ಲ ಎನ್ನುವುದಾದರೂ ಬೇಗ ಬರೆ.

ಕೂಸು ನೂರು ವರ್ಷ ಬಾಳಲಿ, ತನ್ನದೇ ಸೂರಿನಡಿ ಬಾಳಲಿ.

ನಿನ್ನ
ಮಹಾನಂದಾ

ತಾ.ಕ.: ಒಂದನ್ನು ಮುಚ್ಚಿಟ್ಟಿದ್ದೆ. ಯರಗಟ್ಟಿಗೆ ಹೋದ ದಿನ ನಮ್ಮವರೂ ಆಟೋದಲ್ಲಿ ಜೊತೆಗಿದ್ದರು. ಮನೆ ಒಂಟಿ ಹೆಂಗಸಿಗೆ ಮಾತ್ರವೆಂದು ಆಟೋದವನು ದಾರಿಯಲ್ಲೇ ಹೇಳಿದ. ಅವರೆದುರೇ ಹಣೆ ಒರೆಸಿಕೊಂಡೆ, ತಾಳಿ ಒಳಗೆ ಸೇರಿಸಿದೆ. ಶಟ್ಟೆವ್ವ ಆಟೋ ಕಡೆ ನೋಡಿ, "ಅವರು ಯಾರ್ರೀ?" ಎಂದಳು. "ನಮ್ಮ ಓಣಿಯವರು, ದವಾಖಾನಿಗೆ ಹೊಂಟಾರ. ನಮ್ಮನಿಯವರು ತೀರಿ ಹತ್ತು ವರ್ಷಾತು," ಎಂದೆ. ಅವರಿಗೆ ಕೇಳಿಸಿತ್ತು. ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ಬಾಯಾರಿದರೆ ಯಾರೋ ಪರ ಹೆಂಗಸನ್ನು ಕೇಳಿದ ಹಾಗೆ ಕೇಳುತ್ತಾರೆ: "ಅಕ್ಕಾರ, ಒಂದೀಟ ನೀರ ಕೊಡ್ತೀರೇನ್ರಿ?"