ಪಾಲಯ್ಯನ ಬಲಗೈ

ಸಂಡೂರು
19 ಆಗಸ್ಟ್ 2006

ಸಿದ್ದಲಿಂಗೇಶ್ ಅವರಿಗೆ, ಗಂಗಾಂಬಿಕಾಳ ನಮಸ್ಕಾರ.

ಎರಡು ವರ್ಷದ ಹಿಂದೆ ನಿಮ್ಮ ಹೊಸಪೇಟೆಯ ಮನೆ ಬಿಟ್ಟು ಬಂದ ಹೆಂಡತಿ ಈಗ ಬರೆಯುತ್ತಿದ್ದಾಳೆಂದರೆ ವಾಪಸು ಬರುವ ಮಾತೆಂದು ಹಿಗ್ಗಬೇಡಿ. ಇದು ನಾನು ಲಾರಿ ತೂಗುವ ವೇಬ್ರಿಡ್ಜಿನ ವಿಷಯ. ನೀವು ಕೆಲಸ ಮಾಡುವ ಕಂಪನಿ ಕೊರಿಯರಿನಲ್ಲಿ ಕಳಿಸಿದ ಹೊಸ ಸಾಫ್ಟ್‌ವೇರಿನ ಸಿ.ಡಿ.ಯನ್ನು ಬುಧವಾರ ಬೆಳಿಗ್ಗೆ ಹಾಕಿದೆ. ನಮ್ಮದು ವಿಂಡೋಸ್ 98ರ ಹಳೆಯ ಕಂಪ್ಯೂಟರ್. ಹಾಕಿದ ಐದೇ ನಿಮಿಷಕ್ಕೆ ಸತ್ತುಹೋಯಿತು. ನಿಮ್ಮ ಆಫೀಸಿಗೆ ಫೋನ್ ಮಾಡಿದರೆ, ಹಳೆಯ ವಿಂಡೋಸಿಗೆ ಬೆಂಬಲ ನಿಲ್ಲಿಸಿದ್ದೇವೆ, ನಾವೇನೂ ಮಾಡಲಾಗದು ಎಂದರು.

ತೂಕದ ಚೀಟಿಯಿಲ್ಲದೆ ಅದಿರಿನ ಲಾರಿ ಗೇಟು ದಾಟುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ತೊಂಬತ್ತು ಲಾರಿ ನಿಂತವು. ಡ್ರೈವರುಗಳು ಕಲ್ಲು ತೂರಿ ಕಿಟಕಿ ಒಡೆದರು. ಗಾಜು ತಗುಲಿ ನನ್ನ ಹುಬ್ಬು ಸೀಳಿತು, ನಾಲ್ಕು ಹೊಲಿಗೆ. ಅದು ಹೋಗಲಿ. ನಮ್ಮ ವಾಚ್‌ಮನ್ ಪಾಲಯ್ಯ ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ಕುಂಕುಮವಿಟ್ಟು ತೀರ್ಥ ಚಿಮುಕಿಸುತ್ತಿದ್ದ. ಮೆಟ್ರಿ ಊರಿನ ತಾಯಪ್ಪನೆಂಬ ಡ್ರೈವರು, "ಲೇ ಮುದುಕಾ, ನೀರು ಹಾಕಿ ನೀನ ಮಷಿನ್ ಕೆಡಿಸಿದಿ" ಎಂದು ಅವನನ್ನು ಎಳೆದು ತಂದ. ಬಲಗೈಯನ್ನು ವೇಬ್ರಿಡ್ಜಿನ ಕಬ್ಬಿಣದ ಹಾಸಿನ ಮೇಲೆ ಒತ್ತಿ ಹಿಡಿಸಿ ಜಾಕ್ ರಾಡಿನಿಂದ ಮೂರು ಏಟು ಹೊಡೆದ. ಎರಡನೆಯ ಏಟಿಗೆ ಎಲುಬು ಮುರಿದದ್ದು ನನಗೆ ಕೇಳಿಸಿತು. ಪಾಲಯ್ಯ ಅರಚಲಿಲ್ಲ. ಒಡೆದ ಕಿಟಕಿಯ ಹಿಂದೆ ನಿಂತಿದ್ದ ನನ್ನನ್ನೇ ನೋಡುತ್ತಿದ್ದ.

ತಾಯಪ್ಪನ ಕೈಯನ್ನು ಅದೇ ರಾಡಿನಿಂದ ಜಜ್ಜಬೇಕು ಅನ್ನಿಸುತ್ತದೆ. ಹಾಗೆ ಅನ್ನಿಸಿದಾಗಲೆಲ್ಲ ನನ್ನ ಮೇಲೂ ಅಷ್ಟೇ ಸಿಟ್ಟು ಬರುತ್ತದೆ. ಯಾಕೆಂದು ಕೇಳಬೇಡಿ.

ಹಳೆಯ ಕಂಪ್ಯೂಟರಿಗೆ ಆ ಸಿ.ಡಿ. ಹಾಕಬೇಡಿ ಎಂದು ನಿಮ್ಮ ಕಂಪನಿ ಮೊದಲೇ ರಿಜಿಸ್ಟರ್ ಪತ್ರ ಹಾಕಿತ್ತಂತೆ. ಅಂಥದ್ದು ಬಂದಿಲ್ಲವೆಂದು ಮಾಲೀಕರಾದ ವಿರೂಪಾಕ್ಷಪ್ಪನವರಿಗೆ ಹೇಳಿದ್ದೇನೆ. ಎಚ್ಚರಿಕೆಯೇ ಬಂದಿಲ್ಲವೆಂದರೆ ಸಿ.ಡಿ.ಯಲ್ಲಿ ದೋಷವಿಲ್ಲ, ಕೆಡಿಸಿದ್ದು ನೀರೇ ಎಂದು ಅವರು ಪಾಲಯ್ಯನ ಮೇಲೆಯೇ ಪೊಲೀಸ್ ದೂರು ಕೊಟ್ಟಿದ್ದಾರೆ. ಬರುವ ಗುರುವಾರ ಅವನನ್ನು ಠಾಣೆಗೆ ಒಯ್ಯುತ್ತಾರೆ. ನೀವು ಬಂದು, ತಪ್ಪು ಸಿ.ಡಿ.ಯದು, ನೀರಿನದಲ್ಲ ಎಂದು ಹೇಳಿ. ನನಗಾಗಿ ಬೇಡ, ಅವನಿಗಾಗಿ ಬನ್ನಿ.

ಇನ್ನೂ ಹೆಸರಿಗೆ ನಿಮ್ಮವಳಾದ
ಗಂಗಾಂಬಿಕಾ

ತಾ.ಕ.: ಪತ್ರ ಬಂದಿತ್ತು. ವಿಳಾಸ ನಿಮ್ಮ ಅಕ್ಷರದಲ್ಲಿತ್ತು. ಸಂಸಾರದ ರಗಳೆಯೆಂದು ಒಡೆಯದೆ ಡ್ರಾಯರಿಗೆ ಎಸೆದೆ. ಒಡೆದದ್ದು ಪಾಲಯ್ಯನ ಕೈ ಮುರಿದ ಮೇಲೆ. ಇದರ ಜೊತೆ ಇಟ್ಟಿದ್ದೇನೆ, ಠಾಣೆಯಲ್ಲಿ ಕೊಡಿ. ನಾನು ಸುಳ್ಳು ಹೇಳಿದ್ದು ಎಲ್ಲರಿಗೂ ಗೊತ್ತಾಗಲಿ. ಅದನ್ನು ಪೋಸ್ಟ್‌ಮನ್‌ನಿಂದ ಹೆಬ್ಬೆಟ್ಟೊತ್ತಿ ಪಡೆದು ನನ್ನ ಕೈಗೆ ತಂದುಕೊಟ್ಟವನು ಪಾಲಯ್ಯನೇ. ನಿನ್ನೆ ಆಸ್ಪತ್ರೆಯಲ್ಲಿ ಮಾಲೀಕರು ಕೇಳಿದಾಗ, ನನ್ನ ಕಡೆ ಒಮ್ಮೆ ನೋಡಿ, "ಯಾವ ಪತ್ರಾನೂ ಬಂದಿಲ್ರಿ, ನೀರು ಹಾಕಿದ್ದು ನಾನ" ಎಂದ.